ಖಾಜಾಬಿಯ ಮಗ ಮೊದಲು ಬಂದ

ನಮ್ಮೂರಿನಲ್ಲಿ ನಾಚಿಕೆಪಟ್ಟವರಿಗೆ ಬಾಗಿಲು ತಗ್ಗಾಗುತ್ತದೆ. ಬೆಳಿಗ್ಗೆ ನೆಟ್ಟಗೆ ಹೊರಗೆ ಹೋದ ಗಂಡ ಸಂಜೆ ಅದೇ ಬಾಗಿಲಲ್ಲಿ ಬಾಗಿ ಒಳಗೆ ಬಂದನೆಂದರೆ ನಡುವೆ ಏನೋ ನಡೆದಿದೆ ಎಂದು ಹೆಂಡತಿ ತಿಳಿದುಕೊಳ್ಳುತ್ತಾಳೆ. ಊಟಕ್ಕೆ ಬಡಿಸುತ್ತಾಳೆ, ಕೇಳುವುದಿಲ್ಲ. ಸಣ್ಣ ನಾಚಿಕೆಗೆ ನಾಲ್ಕು ಬೆರಳು ತಗ್ಗುತ್ತದೆ, ದೊಡ್ಡದಕ್ಕೆ ಮೊಳಗಟ್ಟಲೆ. ತಗ್ಗುವುದು ಅವನೊಬ್ಬನಿಗೆ ಮಾತ್ರ. ಅವನ ತಲೆಗೂ ತಗ್ಗು, ಕಣ್ಣಿಗೂ ತಗ್ಗು. ಅವನ ಬೆನ್ನ ಹಿಂದೆಯೇ ಬಂದವನಿಗೆ ಅದೇ ಬಾಗಿಲು ಎಂದಿನಷ್ಟೇ ಎತ್ತರ. ಬಾಗಲು ಮರೆತರೆ ಚೌಕಟ್ಟು ಹಣೆಗೆ ಬಡಿಯುತ್ತದೆ. ಹೀಗಾಗಿ ಒಮ್ಮೆಯೂ ಹಣೆಗೆ ಬುಗುಟೆ ಬರಿಸಿಕೊಳ್ಳದ ದೊಡ್ಡವರು ನಮ್ಮೂರಲ್ಲಿ ಸಿಗುವುದಿಲ್ಲ.

ಕ್ಷೌರದ ಅಂಗಡಿ ಇಟ್ಟವನಿಗೆ ಇದೆಲ್ಲ ದಿನನಿತ್ಯದ ಮಾತು. ನನ್ನ ಹೆಸರು ಈರಸಂಗಪ್ಪ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ: ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಊರಿನ ಗಂಡಸರ ಹಣೆಗಳನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇಲ್ಲ. ಬುಗುಟೆ ಕಂಡರೆ ಬಿಸಿನೀರಿನ ಟವೆಲ್ ಒತ್ತಿ ಮಳೆಯ ಮಾತು ಎತ್ತುತ್ತೇನೆ. ಕಂಡೂ ಕಾಣದಂತಿರುವುದು ನಮ್ಮೂರಿನ ಮರ್ಯಾದೆ. ಪಂಚಾಯಿತಿ ಅಧ್ಯಕ್ಷರೊಬ್ಬರು ಚೌಕಟ್ಟಿನ ತಂಟೆಯೇ ಬೇಡವೆಂದು ಹೊಸ ಮನೆಗೆ ಬಾಗಿಲು ಇಡದೆ ಪರದೆ ಕಟ್ಟಿಸಿದ್ದರು. ಚುನಾವಣೆ ಗೆದ್ದ ವಾರದಲ್ಲೇ ಪರದೆಯ ಕೋಲು ಅವರ ಮೂಗಿಗೆ ಬಡಿಯಿತು. ವರನನ್ನು ನೋಡಲು ಹೋದವರು ಹುಡುಗನಿಗೆ "ಒಂದೀಟು ನೀರು ತಗೊಂಡು ಬರ್ರಿ" ಎಂದು ಹೇಳಿ ಒಳಬಾಗಿಲಲ್ಲಿ ಅವನ ಕುತ್ತಿಗೆಯನ್ನೇ ನೋಡುತ್ತಾರೆ. ಮಕ್ಕಳಿಗೆ ಮಾತ್ರ ಬಾಗಿಲು ತಗ್ಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಪಕ್ಕದ ಮನೆಯ ಗಾಜು ಒಡೆದು ಬಂದ ಹುಡುಗರೂ ಎದೆ ಸೆಟೆಸಿಕೊಂಡೇ ಒಳಗೆ ಓಡುತ್ತಾರೆ.

ನನ್ನ ಮಗಳು ದಾನೇಶ್ವರಿಗೆ, ನಮ್ಮ ದಾನಿಗೆ, ರಕ್ತದ ಕ್ಯಾನ್ಸರ್ ಬಂದಾಗ ಅವಳಿನ್ನೂ ಬಾಲವಾಡಿಯ ಹುಡುಗಿ. ಅವಳ ತಲೆಗೂದಲನ್ನು ನನ್ನ ಕೈಯಾರೆ ತೆಗೆದೆ. ಎರಡೂವರೆ ವರ್ಷ ಗುಳಿಗೆ, ಸೂಜಿ, ವಾಂತಿ. ಕಡೆಗೊಂದು ದಿನ ರಕ್ತ ಸ್ವಚ್ಛವಾಗಿದೆ ಎಂದರು. ನನಗೆ ಎಲ್ಲಿಲ್ಲದ ಸೊಕ್ಕು ಬಂತು. ಓಣಿಯನ್ನೆಲ್ಲ ಕರೆದು ಹೋಳಿಗೆ ಊಟ ಹಾಕಿಸಿದೆ. ಕುರ್ಚಿಯಲ್ಲಿ ಕೂತವರ ಗಲ್ಲಕ್ಕೆ ಸಾಬೂನು ಹಚ್ಚುತ್ತ, ಅವರು ಬಾಯಿ ತೆರೆಯಲಾಗದ ಹೊತ್ತು ನೋಡಿ, "ಗೆದ್ದು ಬಂದಾಳ ನನ್ನ ಮಗಳು" ಎಂದು ಕಥೆ ಶುರುಮಾಡುತ್ತಿದ್ದೆ. ನನ್ನ ಹೆಂಡತಿ ಶಿವಲೀಲಾ ಒಳಗಿನಿಂದಲೇ "ಗೆದ್ದಾಕಿ ಆಕಿ, ನೀ ಅಲ್ಲ" ಅನ್ನುತ್ತಿದ್ದಳು. ಒಂದು ವರ್ಷ ಚೆನ್ನಾಗಿ ಕಳೆಯಿತು. ಆಮೇಲೆ ದಾನಿಯ ಮೊಣಕಾಲ ಕೆಳಗೆ ನೀಲಿ ಕಲೆಗಳು ಕಾಣಿಸಿದವು, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೋಡಿ, ಮರಳಿ ಬಂದಿದೆ ಎಂದರು.

ಆ ದಿನ ಮನೆಗೆ ಬಂದು ಹೊಸ್ತಿಲು ದಾಟುವಾಗ ಚೌಕಟ್ಟು ನನ್ನ ಹಣೆಗೆ ಬಡಿಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನೇನು ಕಳ್ಳತನ ಮಾಡಿದ್ದೆನೇ? ಮಗಳಿಗೆ ರೋಗ ಬಂದರೆ ನಾಚಿಕೆ ಯಾಕೆ ಬರಬೇಕು? ಆದರೆ ಬಂದಿತ್ತು, ಅದು ನನಗೆ ಗೊತ್ತಿತ್ತು. ಊರಿಗೆಲ್ಲ ಹೋಳಿಗೆ ಹಾಕಿ ಮೀಸೆ ತಿರುವಿದವನು ನಾನು. ಮರುದಿನ ಬಂದವರು ದಾನಿ ಎಲ್ಲಿ ಕಾಣುತ್ತಿಲ್ಲವಲ್ಲ ಎಂದರೆ, "ಅತ್ತಿ ಊರಿಗಿ ಹೋಗ್ಯಾಳ್ರಿ" ಎಂದೆ. ಒಬ್ಬರಿಗಲ್ಲ, ಬಂದವರಿಗೆಲ್ಲ ಹಾಗೇ ಹೇಳಿದೆ. ಅಂಗಡಿಗೂ ಮನೆಗೂ ನಡುವೆ ಇರುವುದು ಒಂದು ಬಟ್ಟೆಯ ಪರದೆ. ಅದರ ಹಿಂದೆ ಚಾಪೆಯ ಮೇಲೆ ಮಲಗಿ ದಾನಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಹೊರಟ ಮಗಳು ಬಾಗಿಲಲ್ಲಿ ಧಡ್ ಎಂದು ಬಡಿಸಿಕೊಂಡು ಕೂತಳು. ಹಣೆ ಹಿಡಿದುಕೊಂಡಿದ್ದಳು, ಅಳುತ್ತಿರಲಿಲ್ಲ. ಒಂಬತ್ತು ವರ್ಷದ ಕೂಸು. ಶಿವಲೀಲಾ ನನ್ನ ಮುಖ ನೋಡಿದಳು. ಅಂದಿನಿಂದ ನಾನು ಮಗಳನ್ನು ಹಿತ್ತಲಿಗಾಗಲಿ ಆಸ್ಪತ್ರೆಗಾಗಲಿ ಎತ್ತಿಕೊಂಡೇ ಹೋದೆ. ಎತ್ತಿಕೊಂಡವರನ್ನು ಮಾತ್ರ ಬಾಗಿಲು ನೋಡುತ್ತದೆ, ತೋಳಿನಲ್ಲಿ ಇರುವವರನ್ನಲ್ಲ. ಜನ ನನ್ನ ತಗ್ಗನ್ನು ನೋಡಲಿ, ಅವಳದ್ದು ಕಾಣುವುದು ಬೇಡ ಎಂದುಕೊಂಡೆ. ಅದನ್ನು ಪ್ರೀತಿ ಎಂದೇ ನಾನು ತಿಳಿದಿದ್ದೆ.

ಊರಾಚೆಯ ದೊಡ್ಡಾಸ್ಪತ್ರೆಗೆ ಆ ವರ್ಷ ಡಾಕ್ಟರ್ ಸುಚೇತಾ ಅಂತ ಒಬ್ಬರು ದಕ್ಷಿಣದ ಕಡೆಯಿಂದ ಬಂದಿದ್ದರು. ಹೊರಗಿನವರಿಗೆ ಮೊದಲು ನಮ್ಮ ಬಾಗಿಲುಗಳ ಬಗ್ಗೆ ನಗು ಬರುತ್ತದೆ, ವರ್ಷದೊಳಗೆ ನಿಲ್ಲುತ್ತದೆ. ಇವರು ನಮ್ಮನ್ನು ಕೂರಿಸಿದ್ದ ಕೋಣೆಗೆ ಬರುವಾಗಲೇ ಸೊಂಟದವರೆಗೆ ಬಾಗಿ ಬಂದರು. ಇನ್ನೂ ಏನೂ ಹೇಳಿರಲಿಲ್ಲ, ಏನೂ ಮಾಡಿರಲಿಲ್ಲ.

"ಹಳೇ ಔಷಧಿ ಇನ್ನು ಕೆಲಸ ಮಾಡಲ್ಲ, ಅದಂತೂ ಗೊತ್ತು," ಎಂದರು. "ಹೊಸದೊಂದು ಇದೆ. ಮಾಡುತ್ತೋ ಇಲ್ವೋ ಗೊತ್ತಿಲ್ಲ. ಅದನ್ನ ಪರೀಕ್ಷೆ ಮಾಡೋಕೇ ನಾನು ಇಲ್ಲಿಗೆ ಬಂದಿರೋದು. ಚಿಕಿತ್ಸೆ ಅಂತ ಹೇಳಿ ನಿಮಗೆ ಆಸೆ ಹುಟ್ಟಿಸಲ್ಲ."

ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮಗುವಿನ ರಕ್ತದಲ್ಲಿ ಕಾವಲು ಕಾಯುವ ಕಣಗಳಿರುತ್ತವೆ. ಈ ರೋಗ ಮನೆಯವರ ಹಾಗೆಯೇ ವೇಷ ಹಾಕಿಕೊಂಡು ಒಳಗೆ ಕೂತಿರುವುದರಿಂದ ಕಾವಲಿನವರಿಗೆ ಅದರ ಗುರುತು ಹತ್ತುವುದಿಲ್ಲ. ಆ ಕಣಗಳನ್ನು ಹೊರಗೆ ತೆಗೆದು, ಗುರುತು ಹಿಡಿಯುವುದನ್ನು ಕಲಿಸಿ, ಮತ್ತೆ ಅದೇ ಮಗುವಿನ ಮೈಗೆ ಬಿಡುವುದು. ಕಲಿಯಲು ಕೆಲವು ವಾರ ಬೇಕು. ಬಿಟ್ಟ ಮೇಲೆ ಅವು ರೋಗವನ್ನೇ ಹಿಡಿಯುತ್ತವೋ, ಸಿಟ್ಟಿನಲ್ಲಿ ಮಗುವನ್ನೇ ಸುಡುತ್ತವೋ, ಅದೇ ಪರೀಕ್ಷೆ.

"ಎಷ್ಟು ಮಕ್ಕಳ್ರಿ?" ಎಂದು ಕೇಳಿದೆ.

"ಸದ್ಯಕ್ಕೆ ಇಬ್ಬರು. ನಿಮ್ಮ ಮಗಳು, ಇನ್ನೊಬ್ಬ ಹುಡುಗ. ಇಬ್ಬರಿಗೂ ಒಂದೇ ಸಲ ಕೊಡೋ ಹಾಗಿಲ್ಲ. ಮೊದಲನೇ ಮಗುವಿಗೆ ತೀರಾ ಸ್ವಲ್ಪ ಕೊಟ್ಟು ಕಾಯ್ತೀವಿ. ಅಪಾಯ ಇಲ್ಲ ಅಂತ ಗೊತ್ತಾದ ಮೇಲೆ ಎರಡನೇ ಮಗುವಿಗೆ ಹೆಚ್ಚು." ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಆ ಮೊದಲನೇ ಅಳತೇಲಿ ಕಾಯಿಲೆ ಹೋಗುತ್ತೆ ಅನ್ನೋ ನಂಬಿಕೆ ನನಗೂ ಹೆಚ್ಚಿಲ್ಲ. ಆದ್ರೆ ಹಾಗೆ ಶುರು ಮಾಡದೆ ಬೇರೆ ದಾರಿ ಇಲ್ಲ. ಯಾವ ಮಗುವಿನ ಕಣಗಳು ಬೇಗ ಕಲಿತು ತಯಾರಾಗ್ತವೋ ಆ ಮಗು ಮೊದಲು."

ನಾವು ಹೂಂ ಎಂದೆವು. ಡಾಕ್ಟರಿಗೆ ಅಷ್ಟು ಸಾಲದಾಯಿತು. ತಿಳಿವಳಿಕೆ ಬಂದ ಮಗುವನ್ನೂ ಕೇಳಬೇಕು, ಅದು ಅವರ ನಿಯಮ. ನಾಳೆ ಅವಳು ತಾನೇ ನಡೆದು ತಮ್ಮ ಕೋಣೆಗೆ ಬರಲಿ, ಅಪ್ಪ ಅವ್ವ ಹೊರಗಿರಲಿ, ಬೇಡ ಅಂದರೆ ಬೇಡ ಎಂದರು. "ಎತ್ತಿಕೊಂಡು ಬರ್ತೀನ್ರಿ, ಬಾಗಿಲಿಗೆ ಬಿಟ್ಟು ಹೋಗ್ತೀನಿ" ಎಂದೆ. "ನಡೆದು ಬರಲಿ" ಎಂದರು.

ಮರುದಿನ ಪಡಸಾಲೆಯ ಬೆಂಚಿನ ಮೇಲೆ ನಮಗಿಂತ ಮೊದಲೇ ಒಬ್ಬ ಹೆಂಗಸು ಕೂತಿದ್ದಳು. ನಮ್ಮ ಬಜಾರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಖಾಜಾಬಿ. ಗಂಡ ತೀರಿಕೊಂಡು ಬಹಳ ದಿನವಾಗಿತ್ತು. ಪಕ್ಕದಲ್ಲಿ ಅವಳ ಮಗ ಮೌಲಾಲಿ, ದಾನಿಗಿಂತ ಒಂದು ವರ್ಷ ದೊಡ್ಡವನು, ತಲೆ ಬೋಳು, ಕಣ್ಣು ಮಾತ್ರ ಚುರುಕು. ಆ ಇನ್ನೊಬ್ಬ ಹುಡುಗ ಇವನೇ ಎಂದು ತಿಳಿಯಿತು. ನರ್ಸ್ ಬಂದು ಮಗಳನ್ನು ಇಳಿಸಲು ಹೇಳಿದಳು. ಇಳಿಸಿದೆ. ದಾನಿ ಡಾಕ್ಟರ ಬಾಗಿಲವರೆಗೆ ಹೋಗಿ ನಿಂತಳು. ಬಾಗಿದಳು, ಸಾಲಲಿಲ್ಲ, ಇನ್ನೂ ಬಾಗಿದಳು. ಅವಳಿಗೆ ಆ ಬಾಗಿಲು ಎಷ್ಟು ತಗ್ಗಾಗಿತ್ತೆಂದರೆ ಕೈ ನೆಲಕ್ಕೆ ಊರಬೇಕಾಯಿತು. ಪಡಸಾಲೆಯಲ್ಲಿದ್ದವರೆಲ್ಲ ಮರ್ಯಾದೆಯಿಂದ ಗೋಡೆ ನೋಡಿದರು. ಮಗಳು ತಿರುಗಿ ನನ್ನನ್ನು ನೋಡಿದಳು. ನಾನೂ ಗೋಡೆ ನೋಡಿದೆ.

"ಹಂಗ ಬಾಗಬ್ಯಾಡ, ಟೊಂಕ ಹಿಡಿತೈತಿ," ಎಂದ ಮೌಲಾ, ಬೆಂಚಿನಿಂದಲೇ. "ಕುಂತು ಜಾರು. ನಾ ಹಂಗ ಹೋಗತೀನಿ."

"ನಿನಗೂ ತಗ್ಗೇತೇನು?" ಎಂದು ಕೇಳಿದಳು ದಾನಿ.

"ನನ್ನ ಸಂಬಂಧ ನಮ್ಮವ್ವ ಗಿರಣಿ ಮುಚ್ಚಿ ಕುಂತಾಳ. ಅದಕ. ನಿನಗ್ಯಾಕ?"

ದಾನಿ ನೆಲಕ್ಕೂರಿದ್ದ ಕೈಯ ಧೂಳು ಒರೆಸಿಕೊಂಡಳು. "ಎಲ್ಲಾರ್ನೂ ಕರದು ಹೋಳಿಗಿ ಉಣಸಿದ್ವಿ, ಆರಾಮ ಆಗೇತಿ ಅಂತ. ಈಗ ಮತ್ತ ಬಂತು."

ಮೌಲಾ ಅದನ್ನು ಗಂಭೀರವಾಗಿ ಯೋಚಿಸಿದ. "ಹೋಳಿಗಿ ಚೊಲೋ ಆಗಿದ್ದವು?"

"ಆಗಿದ್ದವು."

"ಮತ್ತೇನಾತು? ಉಂಡಾರಲ್ಲ."

ದಾನಿಗೆ ನಗು ಬಂತು. ರೋಗ ಮರಳಿದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಮೌಲಾ ಬೆಂಚಿನಿಂದ ಇಳಿದು ಬಾಗಿಲ ಮುಂದೆ ಕುಂಡಿಯೂರಿ ಕೂತು, ಕಾಲಿನಿಂದ ಒದ್ದುಕೊಳ್ಳುತ್ತ ಸರಕ್ಕನೆ ಒಳಗೆ ಜಾರಿದ. ಇವಳೂ ಹಾಗೇ ಜಾರಿದಳು. ಒಳಗೆ ಡಾಕ್ಟರು "ಇದೇನ್ರೋ" ಎನ್ನುವುದು ಕೇಳಿಸಿತು. ಖಾಜಾಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಗುತ್ತ ನಗುತ್ತ ಅತ್ತಳು. ನನಗೆ ನಗಲೂ ಆಗಲಿಲ್ಲ. ಅಪ್ಪನಾದವನು ಹೇಳಬೇಕಾದ ಮಾತನ್ನು ಆ ಹುಡುಗ ಹೇಳಿದ್ದ. ನಾನು ಮಗಳನ್ನು ಅಷ್ಟು ದಿನವೂ ತೋಳಿನಲ್ಲಿ ಮುಚ್ಚಿಟ್ಟು ತಿರುಗಿದ್ದೆ. ಇಬ್ಬರೂ ಹೂಂ ಎಂದು ಹೇಳಿ ಹೊರಗೆ ಬಂದಾಗ ದಾನಿ ತಲೆಯನ್ನು ಸ್ವಲ್ಪವೇ ತಗ್ಗಿಸಿ ಬಂದಳು. ವಾರ ಕಳೆಯುವಷ್ಟರಲ್ಲಿ ಅದೂ ಬೇಕಾಗಲಿಲ್ಲ.

ಇಬ್ಬರ ರಕ್ತದಿಂದಲೂ ಕಣಗಳನ್ನು ತೆಗೆದು ಕಲಿಯಲು ಕಳಿಸಿದರು. ನಮ್ಮೂರಲ್ಲಿ ತನ್ನ ಮಗು ತರಗತಿಗೇ ಮೊದಲು ಬರಲಿ ಎಂದು ಹರಕೆ ಹೊರದ ಅಪ್ಪನಿಲ್ಲ. ನಾನೊಬ್ಬ ಮಾತ್ರ ನನ್ನ ಮಗಳ ಕಣಗಳು ದಡ್ಡವಾಗಿರಲಿ, ಕಲಿಯುವುದು ತಡವಾಗಲಿ ಎಂದು ದಿನಾ ಬೇಡಿಕೊಂಡೆ. ಯಾರಿಗೂ ಕೇಡು ಮಾಡಲಿಲ್ಲ, ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆದರೂ ಗುಡಿಯ ಬಾಗಿಲು ನನ್ನ ಎದೆಮಟ್ಟಕ್ಕೆ ಇಳಿಯಿತು. ಪೂಜಾರಿ ಮರ್ಯಾದೆಯಿಂದ ಗಂಟೆ ಒರೆಸುತ್ತ ನಿಂತ.

ಖಾಜಾಬಿಯ ಮಗನ ಕಣಗಳು ಮೊದಲು ತಯಾರಾದವು. ಆ ಬೆಳಿಗ್ಗೆ ಅವಳು ಬಟ್ಟಲ ತುಂಬ ಸಕ್ಕರೆ ಹಿಡಿದುಕೊಂಡು ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ನಡೆದಳು. "ನನ್ನ ಮಗ ಫಸ್ಟ್ ಬಂದಾನ್ರಿ. ಬಾಯಿ ಸಿಹಿ ಮಾಡ್ಕೋರಿ." ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿದಳು. ಮೊದಲು ಬರುವುದೆಂದರೆ ಏನೆಂದು ಇವಳಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ ಎಂದುಕೊಂಡೆ. ಆ ಸಕ್ಕರೆ ತಿಂದೆ. ನನಗೆ ಸಮಾಧಾನವಾಗಿತ್ತು. ಈಗ ಇದನ್ನು ಹೇಳುವಾಗಲೂ ಮುಖ ಎಲ್ಲಿಡಲಿ ಎನಿಸುತ್ತದೆ, ಆದರೆ ಆ ಹೊತ್ತಿಗೆ ಆದದ್ದು ಸಮಾಧಾನವೇ.

ಮೌಲಾಗೆ ಕೊಟ್ಟದ್ದು ಒಂದು ಚಮಚೆ ಮಜ್ಜಿಗೆಯಷ್ಟು. "ಇಷ್ಟ ಏನು?" ಎಂದನಂತೆ. ಎರಡು ದಿನ ಮೈ ಕಾಯಿತು, ಇಳಿಯಿತು. ಡಾಕ್ಟರು ಹಗಲು ರಾತ್ರಿ ಅವನ ಪಕ್ಕವೇ ಕೂತು ಉಸಿರು, ನಾಡಿ, ಮಾತು ಎಲ್ಲ ನೋಡಿದರು. ಏನೂ ಕೆಡಲಿಲ್ಲ. ಅವನಿಗೆ ಏನೂ ಕೆಡಲಿಲ್ಲ ಎಂಬುದರಿಂದಲೇ ನನ್ನ ಮಗಳಿಗೆ ಹೆಚ್ಚು ಕೊಡಲು ಅವರಿಗೆ ಧೈರ್ಯ ಬಂತು. ದಾನಿಯ ಸರದಿ ಬಂದಾಗ ಅವಳಿಗೆ ಕೊಟ್ಟದ್ದು ಅದರ ಎಷ್ಟೋ ಪಟ್ಟು. ನಾಲ್ಕನೆಯ ದಿನ ಅವಳ ಮೈ ಹಂಚಿನಂತೆ ಕಾಯಿತು. ತಾಯಿಯನ್ನು ಗುರುತಿಸಲಿಲ್ಲ, ನನ್ನನ್ನು "ಮಾಸ್ತರ್ರೀ" ಎಂದು ಕರೆದಳು. ಗಾಜಿನ ಕೋಣೆಗೆ ಸಾಗಿಸಿದರು. ಡಾಕ್ಟರು, "ಒಳಗೆ ಜಗಳ ನಡೀತಿದೆ. ಅಂದ್ರೆ ಗುರುತು ಹಿಡಿದಿವೆ," ಎಂದು ಹೇಳಿ ಕಾವು ಇಳಿಸುವ ಔಷಧಿ ಹಾಕಿದರು. ಮೌಲಾ ಆಗ ಇನ್ನೂ ವಾರ್ಡಿನಲ್ಲೇ ಇದ್ದ. ಗಾಜಿಗೆ ಮೂಗು ಒತ್ತಿಕೊಂಡು, "ಏ ಹೋಳಿಗಿ, ಏಳ ಸಾಕು" ಎಂದು ಕೂಗುತ್ತಿದ್ದ. ಅವಳು ಎದ್ದಳು. ತಿಂಗಳಾದ ಮೇಲೆ ಸೂಜಿ ಹಾಕಿ ನೋಡಿ, ಎಲ್ಲೂ ಕಾಣಿಸುತ್ತಿಲ್ಲ ಎಂದರು. "ಗುಣ ಆಯ್ತು ಅನ್ನೋ ಮಾತು ನಾನು ಆಡಲ್ಲ. ಸದ್ಯಕ್ಕೆ ಕಾಣಿಸ್ತಿಲ್ಲ," ಎಂದರು ಡಾಕ್ಟರು. ಅದನ್ನು ಹೇಳಲು ನೆಟ್ಟಗೆ ಬಂದಿದ್ದವರು ಪಕ್ಕದ ಕೋಣೆಗೆ ಹೋಗುವಾಗ ತೀರ ಬಾಗಿ ಹೋದರು. ಅಲ್ಲಿ ಮೌಲಾ ಇದ್ದ. ಅವನ ರೋಗ ಇದ್ದ ಹಾಗೇ ಉಳಿದಿತ್ತು. ಮತ್ತೊಮ್ಮೆ ಕೊಡೋಣವೆಂದರೆ ತೆಗೆಯಲು ಅವನ ರಕ್ತದಲ್ಲಿ ಸಾಕಷ್ಟು ಕಣಗಳೇ ಉಳಿದಿರಲಿಲ್ಲ.

ನಾನು ದಾನಿಯ ಬಟ್ಟೆಗಂಟು ಹೊತ್ತು ಹೊರಗೆ ಬರುತ್ತಿದ್ದಾಗ ಖಾಜಾಬಿ ಪಡಸಾಲೆಯಲ್ಲಿ ಎದುರಾದಳು. ಅವಳ ಮುಖ ನೋಡಿದರೆ ಡಾಕ್ಟರು ಆಗಷ್ಟೇ ಮಾತಾಡಿದ್ದರು ಎಂದು ಗೊತ್ತಾಗುತ್ತಿತ್ತು.

"ನಿನ್ನ ಮಗಳದು ಏನಂದ್ರು?" ಎಂದು ಕೇಳಿದಳು.

ನನ್ನ ಮಗಳು ಬದುಕಿದಳು ಎಂದು ಆ ಮುಖಕ್ಕೆ ಹೇಗೆ ಹೇಳಲಿ? "ಇನ್ನೂ ಏನೂ ಹೇಳಿಲ್ರಿ" ಎಂದೆ. ಹಿಂದಿನ ಬಾಗಿಲಿನಿಂದ, ಹೆಚ್ಚುಕಡಿಮೆ ಅಂಬೆಗಾಲಿನಲ್ಲಿ, ಹೆಂಡತಿ ಮಗಳನ್ನು ಕರೆದುಕೊಂಡು ಮನೆಗೆ ಬಂದೆ.

ಮೌಲಾಲಿ ಮಳೆಗಾಲದ ಮೊದಲ ವಾರ ತೀರಿಕೊಂಡ. ಮಣ್ಣಿಗೆ ಹೋಗಲೆಂದು ನಾನೂ ಹೊರಟೆ. ಖಬರಸ್ತಾನದ ಕಮಾನು ನನ್ನ ಮೊಣಕಾಲಿನವರೆಗೆ ಇಳಿದುಬಂತು. ಅಷ್ಟು ಜನರ ಮುಂದೆ ತೆವಳಿ ಹೋಗುವ ಎದೆ ನನಗಿರಲಿಲ್ಲ. ಗೋಡೆಯಾಚೆ ನಿಂತು ಮಣ್ಣು ಬೀಳುವ ಸದ್ದು ಕೇಳಿ ತಿರುಗಿ ಬಂದೆ. ಆಮೇಲೆ ಖಾಜಾಬಿ ಗಿರಣಿ ತೆರೆದಳೆಂದು ಸುದ್ದಿ ಬಂತು. ನಾನು ಜೋಳದ ಡಬ್ಬ ಹೊತ್ತು ಕೆರೆಯಾಚೆಯ ಗಿರಣಿಗೆ ಹೋಗತೊಡಗಿದೆ. ದಾನಿಗೆ ಓಣಿಗೆ ಇಳಿಯಬೇಡ ಎಂದೆ. ಶಾಲೆಗೆ ಇನ್ನೂ ನಿತ್ರಾಣ ಎಂದು ಹೇಳಿ ಕಳಿಸಿದೆ. ಗಿರಾಕಿಗಳು ಕೇಳಿದರೆ ಹೂಂ, ಊಹೂಂ ಎಂದು ತೇಲಿಸಿದೆ. ಕೂಸು ಕಳಕೊಂಡವಳ ಕಣ್ಣ ಮುಂದೆ ನಮ್ಮ ಕೂಸನ್ನು ಕುಣಿಸಬಾರದು, ಅವಳ ಹೊಟ್ಟೆ ಉರಿಸಬಾರದು ಎಂದು ನನ್ನ ವಾದ.

"ಮಗಳು ಬದುಕ್ಯಾಳ," ಎಂದಳು ಶಿವಲೀಲಾ. "ಕಳವು ಮಾಡಿ ತಂದೀವೇನು ಆಕಿನ್ನ?"

"ನಿನಗ ತಿಳಿಯೂದಿಲ್ಲ. ಆಕಿ ಮಗಗ ಮದಲ ಕೊಟ್ಟದ್ದಕ್ಕನ ನಮಗ ದಕ್ಕೇತಿ."

"ಹಂಗಾರ ಹೋಗಿ ಹೇಳು. ಬಚ್ಚಿಡತಿ ಯಾಕ?"

ಊಟ ಬಿಟ್ಟು ಎದ್ದೆ. ಒಂದು ದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ದಾನಿಯನ್ನು ಕುರ್ಚಿಯಲ್ಲಿ ಕೂರಿಸಿ ಅವಳ ಹೊಸ ಕೂದಲನ್ನು ಬಾಚುತ್ತಿದ್ದೆ. ಬೆರಳುದ್ದ ಬೆಳೆದಿತ್ತು, ಮೊದಲಿಗಿಂತ ಗುಂಗುರು. ಕನ್ನಡಿಯಲ್ಲಿ ಅವಳ ಹಣೆ ಕಂಡಿತು. ನಟ್ಟನಡುವೆ ಬುಗುಟೆ, ಇನ್ನೂ ಹಸಿ. ನನ್ನ ಕೈ ಅಭ್ಯಾಸದಿಂದ ಬಿಸಿನೀರಿನ ಟವೆಲಿನ ಕಡೆಗೆ ಹೋಯಿತು. ನಮ್ಮೂರಿನ ಮರ್ಯಾದೆಯಂತೆ ನಾನು ಕೇಳಬಾರದಿತ್ತು, ಆದರೂ ಕೇಳಿದೆ.

"ಯಾಕವ್ವಾ ಇದು?"

"ನಾ ಬದುಕಿದ್ದಕ್ಕ ನಿನಗ ನಾಚಿಕಿ ಬಂದೇತಲ್ಲಪ್ಪಾ," ಎಂದಳು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ. ದೂರುವ ದನಿಯಲ್ಲ, ತಿಳಿದದ್ದನ್ನು ಹೇಳುವ ದನಿ.

ಅಲ್ಲ, ಹಾಗಲ್ಲ ಎಂದೆ. ಇನ್ನೂ ಏನೇನೋ ಹೇಳಿದೆ. ಬೀದಿಬಾಗಿಲಿನ ಕಡೆ ನೋಡಿದರೆ ಅದು ನನ್ನ ಕಣ್ಣಿಗೆ ನೆಲದಿಂದ ಎರಡು ಗೇಣು ಮಾತ್ರ ಉಳಿದಿತ್ತು. ಆ ಸಂಜೆಯಿಂದ ನಾನು ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಗಿರಾಕಿಗಳು ತಮ್ಮ ಎತ್ತರಕ್ಕೆ ಬರುತ್ತಿದ್ದರು, ಹೋಗುತ್ತಿದ್ದರು. ನಾನು ಒಳಗೇ ಇದ್ದೆ. ಜೋಳ ಬೀಸಿಸಲು ಕೆರೆಯಾಚೆ ಶಿವಲೀಲಾ ಹೋಗಲಿಲ್ಲ. ಖಾಜಾಬಿಯ ಗಿರಣಿಗೇ ಹೋದಳು. ಅಲ್ಲಿ ಏನು ಮಾತಾಯಿತೋ ನನಗೆ ಹೇಳಲಿಲ್ಲ.

ಅವಳು ಹೋಗಿ ಬಂದ ಮರುದಿನ ಹಣಮಂತ ಮಾಸ್ತರರ ಒಂದು ಗಲ್ಲ ಹೆರೆದು ಇನ್ನೊಂದಕ್ಕೆ ಕತ್ತಿ ಇಟ್ಟಿದ್ದೆ. ಬಾಗಿಲ ಸಂದಿಯಲ್ಲಿ ಎರಡು ಪಾದಗಳು ಬಂದು ನಿಂತವು. ರಬ್ಬರ್ ಚಪ್ಪಲಿ, ಬೆರಳುಗಳ ಮೇಲೆಲ್ಲ ಹಿಟ್ಟಿನ ಪುಡಿ. ಅದಕ್ಕಿಂತ ಮೇಲೆ ನನಗೆ ಏನೂ ಕಾಣುತ್ತಿರಲಿಲ್ಲ.

"ಈರಸಂಗಪ್ಪ," ಎಂದಳು ಖಾಜಾಬಿ. "ನಿನ್ನ ಹೆಂಡತಿ ಹೇಳಿದ್ಲು, ಮಗಳು ಆರಾಮ ಅದಾಳಂತ. ಖರೇ ಏನು?"

ಮಾಸ್ತರರು ಸಾಬೂನು ಮೆತ್ತಿದ ಮುಖದಲ್ಲೇ ಸೂರು ನೋಡತೊಡಗಿದರು. ನಾನು ಕತ್ತಿ ಇಟ್ಟು ನೆಲದ ಮೇಲೆ ಕೂತುಬಿಟ್ಟೆ. "ಖರೇನ್ರಿ," ಎಂದೆ. "ನಿಮ್ಮ ಮುಂದ ಹೆಂಗ ಹೇಳಬೇಕು ತಿಳೀಲಿಲ್ಲ. ನಿಮ್ಮ ಮಗಗ ಆ ಔಷಧ ಹತ್ತೂದಿಲ್ಲಂತ ನನಗ ಮದಲ ಗೊತ್ತಿತ್ತು."

"ನಿನಗೊಬ್ಬನಿಗ ಹೇಳಿದ್ರಂತ ತಿಳದಿ ಏನು? ಡಾಕ್ಟರಮ್ಮ ನನ್ನ ಮುಂದನೂ ಹೇಳಿದ್ರು. ಮೌಲಾನ ಮುಂದನೂ ಹೇಳಿದ್ರು. ಗೊತ್ತಿದ್ದನ ಹೂಂ ಅಂದಾನ ಅಂವ. ಗೊತ್ತಿದ್ದನ ಸಕ್ಕರಿ ಹಂಚೀನಿ ನಾ." ಅವಳ ದನಿ ಏರಲಿಲ್ಲ. "ತನಗ ಆಗಲಿಲ್ಲಂತ ಅಂವಗ ತಿಳೀತು. ಆಮ್ಯಾಲ ದಿನಾ ಒಂದ ಮಾತು, ಆ ಹೋಳಿಗಿ ಹುಡುಗಿಗಿ ಏನಾತು, ಆಕಿಗಿ ಹತ್ತಿತೋ ಇಲ್ಲೋ. ಕಡೀ ದಿನಾನೂ ಕೇಳಿದ. ಡಾಕ್ಟರಮ್ಮ ಒಬ್ಬರ ಕೂಸಿಂದು ಇನ್ನೊಬ್ಬರಿಗಿ ಹೇಳೂ ಹಂಗಿಲ್ಲಂದ್ರು. ಇನ್ನೂ ಏನೂ ಹೇಳಿಲ್ಲಂತ ಅಂದ್ನಿ. ನೀ ನನಗ ಹಂಗ ಅಂದಿದ್ದಿ."

ಅಷ್ಟು ದಿನ ನಾನು ಅವಳ ಹೊಟ್ಟೆ ಉರಿಯದಿರಲೆಂದು ಮುಚ್ಚಿಟ್ಟದ್ದು ಅವಳ ಮಗನಿಗೆ ಬರಬೇಕಿದ್ದ ಒಂದೇ ಒಂದು ಒಳ್ಳೆಯ ಸುದ್ದಿಯಾಗಿತ್ತು. ಅದನ್ನು ನಾನು ತಿಂದಿದ್ದೆ. ಹುಡುಗ ಅದನ್ನು ಕೇಳದೆ ಹೋದ.

"ಅಂವಗಂತೂ ಹೇಳಾಕ ಆಗಲಿಲ್ಲ," ಎಂದಳು ಖಾಜಾಬಿ. "ನನಗರ ತೋರ್ಸು."

ಪರದೆ ಸ್ವಲ್ಪ ಅಲುಗಿತು. ದಾನಿ ನನ್ನ ಪಕ್ಕದಲ್ಲೇ ಹಾದು, ಬಾಗಿಲಲ್ಲಿ ಕತ್ತು ಬಾಗಿಸಿ, ಹೊರಗೆ ಹೋದಳು. ಈಗ ಸಂದಿಯಲ್ಲಿ ನಾಲ್ಕು ಪಾದಗಳಿದ್ದವು. ಬಳೆಗಳ ಸದ್ದು ಕೇಳಿಸಿತು. ಅವಳು ನನ್ನ ಮಗಳ ತಲೆ ಸವರುತ್ತಿದ್ದಿರಬೇಕು.

"ಓಡ್ತೀಯೇನವ್ವಾ?" ಎಂದು ಕೇಳಿದಳು. "ಆ ನಲ್ಲಿತನಕ ಓಡಿ ಬಾ, ನೋಡೂಣು."

ದಾನಿಯ ಪಾದಗಳು ಓಡಿದವು. ಮೊದಲು ಹೆದರಿ ಹೆದರಿ, ಆಮೇಲೆ ಧಪಧಪ ಸದ್ದಾಗುವಂತೆ. ದೂರ ಹೋದವು, ತಿರುಗಿ ಬಂದವು. ಹಿಟ್ಟು ಮೆತ್ತಿದ ಪಾದಗಳು ಅಲುಗಲಿಲ್ಲ.

"ಇನ್ನೊಮ್ಮೆ," ಎಂದಳು ಖಾಜಾಬಿ.

ನಾನು ಬೋರಲು ಮಲಗಿದೆ. ಮಾಸ್ತರರ ಗಡ್ಡದ ಕೂದಲೆಲ್ಲ ಅಂಗಿಗೆ ಮೆತ್ತಿಕೊಂಡವು. ಗಲ್ಲ ಹೊಸ್ತಿಲಿಗೆ ತಾಗಿಸಿ, ಮೊಣಕೈ ಊರಿ, ಆ ಎರಡು ಗೇಣಿನಲ್ಲಿ ಹಾವಿನಂತೆ ಬೀದಿಗೆ ತೆವಳಿ ಬಂದೆ. ನಲ್ಲಿಯ ಹತ್ತಿರ ಕೊಡ ಹಿಡಿದವರು, ಕಟ್ಟೆಯ ಮೇಲೆ ಕೂತವರು ಎಲ್ಲ ಮರ್ಯಾದೆಯಿಂದ ಬೇರೆ ಕಡೆ ನೋಡಿದರು. ಖಾಜಾಬಿ ಮಾತ್ರ ನೇರ ನನ್ನನ್ನು ನೋಡಿದಳು. ಕ್ಷಮಿಸಿದ ನೋಟವಲ್ಲ ಅದು, ಬೈಯುವ ನೋಟವೂ ಅಲ್ಲ. ಆಮೇಲೆ ಓಡಿ ಬಂದ ದಾನಿಯ ಕಡೆ ತಿರುಗಿದಳು. ಮಗಳ ಮುಖ ಕೆಂಪಾಗಿತ್ತು, ಹಣೆಯ ಮೇಲೆ ಬೆವರು, ಉಸಿರು ಮೇಲೆ ಕೆಳಗೆ.

"ದಣಿದಿ?"

"ಇಲ್ಲ," ಎಂದಳು ದಾನಿ.

"ಹಂಗಾರ ಇನ್ನೊಮ್ಮೆ ಓಡು," ಎಂದಳು ಖಾಜಾಬಿ. "ಮೌಲಾಗ ಹೋಗಿ ಹೇಳಬೇಕು ನಾ."